ದಿನಕ್ಕೊಂದು ತಂಬಿಗೆ

ಮಾರ್ಚ್ 3, ಸೋಮವಾರ

ಊಟ ಮುಗಿಸಿ ಅಂಗಿ ಹಾಕಿಕೊಂಡು ಬಾಗಿಲವರೆಗೆ ಹೋದೆ. ನನ್ನ ಹೆಂಡತಿ ಮರುಳಸಿದ್ದಮ್ಮ ಜಗಲಿಯ ಮೇಲೆ ಕುಳಿತು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದಳು.

“ಎಲ್ಲಿಗೆ?” ಎಂದಳು.

ಎಲ್ಲಿಗೆಂದು ನನಗೂ ಗೊತ್ತಿರಲಿಲ್ಲ. ಒಳಗೆ ಬಂದು ಅಂಗಿಯನ್ನು ಗೂಟಕ್ಕೆ ಹಾಕಿದೆ.

ಶುಕ್ರವಾರ ನಿವೃತ್ತಿಯ ಹಾರ ಹಾಕಿ ಕಳಿಸಿದ್ದಾರೆ. ಕೋರ್ಟಿನಲ್ಲಿ ಶಿರಸ್ತೇದಾರನಾಗಿದ್ದವನಿಗೆ ಬೇಸಿಗೆ ರಜೆ ಹೊಸದಲ್ಲ. ಪ್ರತಿ ವರ್ಷವೂ ಬಿಸಿಲು ಏರುವ ಹೊತ್ತಿಗೆ ಕಡತದ ಕಟ್ಟುಗಳಿಗೆ ದಾರ ಬಿಗಿದು, ಬೀರುವಿಗೆ ಬೀಗ ಹಾಕಿ ಬರುತ್ತಿದ್ದೆ. ಆ ರಜೆಗೆ ಕೊನೆಯೊಂದಿತ್ತು. ಅದಿದ್ದದ್ದರಿಂದಲೇ ಅದು ರುಚಿಯಾಗಿತ್ತೋ ಏನೋ.

ಈ ಬೇಸಿಗೆಗೆಂದು ಕೆಲವು ಆಸೆಗಳನ್ನು ಇಟ್ಟುಕೊಂಡಿದ್ದೆ. ಹೇಳಿಕೊಳ್ಳುವಂಥವೇನಲ್ಲ. ಪೇಪರನ್ನು ಕೊನೆಯ ಪುಟದ ಟೆಂಡರ್ ಪ್ರಕಟಣೆಯವರೆಗೆ ಓದುವುದು. ಮಧ್ಯಾಹ್ನ ಬರಿಯ ನೆಲದ ಮೇಲೆ ಮಲಗುವುದು. ಮಡಕೆಯ ನೀರು. ಮಡಕೆಯನ್ನು ಶನಿವಾರ ಸಂತೆಯಿಂದ ತಂದೂ ಆಯಿತು. ತಂದು ನಡುಮನೆಯಲ್ಲಿ ಇಟ್ಟ ಮೇಲೆ ಅವಳ ಕಣ್ಣು ಅದರ ಮೇಲೆ ಬಿದ್ದದ್ದನ್ನು ಕಂಡು, ಎತ್ತಿ ಹಿತ್ತಲ ಬಚ್ಚಲುಮನೆಯ ಗೋಡೆಯ ಮರೆಗೆ ಇಟ್ಟೆ.

ಜನವರಿಯಲ್ಲಿ ಅವಳಿಗೆ ಡಯಾಲಿಸಿಸ್ ಶುರುವಾಯಿತು. ಮಂಗಳವಾರ, ಶುಕ್ರವಾರ ಹೊಳಲ್ಕೆರೆಯಿಂದ ಚಿತ್ರದುರ್ಗದ ಆಸ್ಪತ್ರೆಗೆ ಬಸ್ಸು. ಮೂತ್ರಪಿಂಡ ಕೆಲಸ ಬಿಟ್ಟಿರುವುದರಿಂದ ಒಳಗೆ ಹೋದ ನೀರು ಹೊರಗೆ ಬರುವುದಿಲ್ಲ, ಎದೆಯಲ್ಲಿ ತುಂಬಿಕೊಳ್ಳುತ್ತದೆ. ಆದ್ದರಿಂದ ದಿನಕ್ಕೆ ಒಂದು ತಂಬಿಗೆ. ಕಾಫಿ, ಸಾರು, ಮಜ್ಜಿಗೆ, ಮಾತ್ರೆ ನುಂಗುವ ನೀರು ಎಲ್ಲವೂ ಆ ತಂಬಿಗೆಯೊಳಗೇ. ಉಪ್ಪು ತಿಂದರೆ ದಾಹ ಹೆಚ್ಚುವುದರಿಂದ ಉಪ್ಪೂ ಇಲ್ಲ. ಇಷ್ಟು ದಿನ ಅವಳೇ ಅಳೆದುಕೊಳ್ಳುತ್ತಿದ್ದಳು. ನಾನು ಮನೆಯಲ್ಲೇ ಇರುವುದರಿಂದ ಇನ್ನು ಅದು ನನ್ನ ಕೆಲಸ ಎಂದೆ.

“ಒಳ್ಳೇದಾತು ಬಿಡ್ರಿ. ನಿಮಗೂ ಒಂದು ಡ್ಯೂಟಿ ಸಿಕ್ಕಂಗಾತು” ಎಂದಳು.

ಮಾರ್ಚ್ 7, ಶುಕ್ರವಾರ

ಡಯಾಲಿಸಿಸ್ ಕೋಣೆಯಲ್ಲಿ ಅವಳ ಪಕ್ಕದ ಹಾಸಿಗೆಗೆ ತುರುವನೂರಿನ ಕೆಂಚಣ್ಣ ಎಂಬಾತ. ಅವಳಿಗಿಂತ ಮೊದಲಿನಿಂದ ಬರುತ್ತಿರುವವನು. ನಾನು ಕೋರ್ಟಿನಲ್ಲಿದ್ದವನೆಂದು ತಿಳಿದು ಖುಷಿಯಾದ.

“ಹಂಗಾದ್ರೆ ನಿಮಗೆ ನಮ್ ಕಥೆ ಬಿಡಿಸಿ ಹೇಳ್ಬೇಕಾಗಿಲ್ಲ. ಇದೂ ಕೋರ್ಟೇ ಸ್ವಾಮಿ. ಮಂಗಳಾರ ಬರ್ರಿ, ಶುಕ್ರಾರ ಬರ್ರಿ. ವಾಯಿದೆ ಮೇಲೆ ವಾಯಿದೆ. ತೀರ್ಪು ಮಾತ್ರ ಆಗಂಗಿಲ್ಲ.”

“ತೀರ್ಪಾಗದಿದ್ರೇ ಒಳ್ಳೇದು ಕಣಣ್ಣ” ಎಂದಳು ಮರುಳಸಿದ್ದಮ್ಮ, ಕೊಳವೆ ಚುಚ್ಚಿದ ಕೈಯನ್ನು ಅಲುಗಾಡಿಸದೆ. ಇಬ್ಬರೂ ನಕ್ಕರು. ಮಿಷನ್ ನೋಡಿಕೊಳ್ಳುವ ಹುಡುಗಿ ಪಲ್ಲವಿ, “ನಗ್ಬ್ಯಾಡ್ರಿ, ಬಿಪಿ ಜಾಸ್ತಿ ತೋರಿಸ್ತೈತೆ” ಎಂದು ಗದರಿದಳು.

ರಕ್ತ ಒಳಗೂ ಹೊರಗೂ ಓಡಾಡಲು ನಾಲ್ಕು ತಾಸು ಬೇಕು. ಕೂತು ನೋಡಲಾಗದೆ ಆಟೋ ಹಿಡಿದು ಚಂದ್ರವಳ್ಳಿಗೆ ಹೋದೆ. ಗುಹೆಯೊಳಗೆ ಇಳಿದರೆ ಹೊರಗಿನ ಬಿಸಿಲು ಬೇರೆ ಯಾರದೋ ಊರಿನದೆಂಬಂತೆ ತಣ್ಣಗಿರುತ್ತದೆ. ಕಲ್ಲಿಗೆ ಬೆನ್ನು ಕೊಟ್ಟು ಕೂತೆ. ಸುಖವಾಗಿತ್ತು. ಸುಖವಾಗಿದೆ ಎಂದು ತಿಳಿದ ಕೂಡಲೇ ಎದ್ದು ಬಂದೆ.

ಮಾರ್ಚ್ 18, ಮಂಗಳವಾರ

ನೀರು ಕುಡಿಯುವುದನ್ನು ಹಿತ್ತಲಿಗೆ ಸಾಗಿಸಿದ್ದೇನೆ. ಬಗ್ಗಿ, ಲೋಟವನ್ನು ಮಡಕೆಗೆ ತಾಗಿಸದಂತೆ ತುಂಬಿ, ಗಂಟಲಿನಿಂದ ಸದ್ದು ಬರದಂತೆ ಕುಡಿಯುವುದನ್ನು ಕಲಿತಿದ್ದೇನೆ. ಬೀಡಿ ಸೇದುವ ಹುಡುಗರು ಹೀಗೆಯೇ ಇರುತ್ತಾರೆ. ಬಾಯಿ ಒರೆಸಿಕೊಂಡು ಒಳಗೆ ಬಂದರೆ ಅವಳು ಗೋಡೆಯ ಕ್ಯಾಲೆಂಡರ್ ನೋಡುತ್ತಿರುತ್ತಾಳೆ.

ಬಂದವರಿಗೆ ಮೊದಲು ನೀರು ಕೊಟ್ಟು ಆಮೇಲೆ ಮಾತಾಡಿಸುವುದು ನಮ್ಮಲ್ಲಿನ ಪದ್ಧತಿ. ಈಗ ಅದನ್ನೂ ನಾನೇ ಮಾಡುತ್ತೇನೆ. ಪಕ್ಕದ ಮನೆಯ ಓಬವ್ವ ನನ್ನ ಕೈಯಿಂದ ಚೊಂಬು ತೆಗೆದುಕೊಳ್ಳಲು ನಾಚಿದಳು. “ಗಂಡಸ್ರ ಕೈಲಿ ನೀರು ಇಸ್ಕಂಡು ಕುಡಿಯೋ ಕಾಲ ಬಂತಲ್ಲಪ್ಪ” ಎಂದು ನಕ್ಕು, ಮರುಳಸಿದ್ದಮ್ಮನ ಕಡೆ ನೋಡಿ, ಒಂದು ಗುಟುಕಿಗೇ ಚೊಂಬು ಇಟ್ಟುಬಿಟ್ಟಳು. ಉಳಿದದ್ದನ್ನು ತುಳಸಿಗೆ ಹಾಕಿದೆ.

ಮಾರ್ಚ್ 30, ಭಾನುವಾರ

ಯುಗಾದಿ. ಬೇವು ಬೆಲ್ಲ. ಹೋಳಿಗೆ ಮಾಡಿದಳು, ಸಾರು ಮಾಡಲಿಲ್ಲ. ಹೋಳಿಗೆ ಸಾರು ಎಂದರೆ ಅವಳಿಗೆ ಪ್ರಾಣ. ಅನ್ನ ಬಿಟ್ಟು ಲೋಟಕ್ಕೇ ಬಗ್ಗಿಸಿಕೊಂಡು ಕುಡಿಯುತ್ತಿದ್ದಳು.

“ನಿಮಗಾದ್ರೂ ಮಾಡ್ತಿದ್ದೆ. ಒಗ್ಗರಣೆ ವಾಸನೆ ತಡಿಯಾಕಾಗಲ್ಲ” ಎಂದಳು.

ನನಗೆ ಬೇಕೆನಿಸಿರಲಿಲ್ಲ. ಉಪ್ಪಿಲ್ಲದ ಅಡುಗೆಯೂ ಈಗ ಅಭ್ಯಾಸವಾಗಿದೆ. ಮೊದಲು ತಟ್ಟೆಯ ಅಂಚಿಗೆ ಬೇರೆಯಾಗಿ ಹಾಕಿಸಿಕೊಳ್ಳುತ್ತಿದ್ದೆ, ಅದನ್ನು ಯಾವಾಗ ಬಿಟ್ಟೆನೋ ನೆನಪಿಲ್ಲ.

ಏಪ್ರಿಲ್ 5, ಶನಿವಾರ

ಮಾಡದಕೆರೆಯಿಂದ ಏಕಾಂತಪ್ಪ ಬಂದಿದ್ದ. ಇವಳ ತಮ್ಮ. ಬೈಕಿನ ಎರಡೂ ಕಡೆ ಎಳನೀರಿನ ಗೊನೆ ನೇತುಹಾಕಿದ್ದ. ನಮ್ಮ ಕಡೆ ಯಾರಿಗೆ ಹುಷಾರಿಲ್ಲವೆಂದರೂ ಎಳನೀರು ಹಿಡಿದುಕೊಂಡೇ ನೋಡಲು ಹೋಗುವುದು, ಬರಿಗೈಯಲ್ಲಿ ಹೋದವನು ನೆಂಟನೇ ಅಲ್ಲ.

ಬೀದಿಯಲ್ಲೇ ತಡೆದು ಹೇಳಿದೆ. ಅವಳ ಕಾಯಿಲೆಗೆ ಇದು ನೀರಿಗಿಂತಲೂ ಕೆಟ್ಟದ್ದು, ಇದರಲ್ಲಿರುವ ಲವಣ ರಕ್ತದಲ್ಲಿ ಉಳಿದು ಹೃದಯವನ್ನೇ ನಿಲ್ಲಿಸುತ್ತದಂತೆ ಎಂದೆ.

“ಏನ್ ಭಾವ ನೀವು! ಎಳನೀರು ನೀರಾ? ಔಷಧಿ ಅದು. ನಮ್ಮಪ್ಪ ಸಾಯೋ ದಿನಾನೂ ಎಳನೀರು ಕುಡುದೇ ಹೋಗಿದ್ದು.”

“ಅದಕ್ಕೇ ಬ್ಯಾಡ ಅಂತಿರೋದು.”

ಅವನು ನಗಲಿಲ್ಲ. ಅಕ್ಕನಿಗೆಂದು ಬೆಳಿಗ್ಗೆ ತಾನೇ ಮರ ಹತ್ತಿ ಇಳಿಸಿದ್ದನಂತೆ, ಮೊಣಕೈ ತರಚಿತ್ತು. ತವರಿನದನ್ನು ಬಾಗಿಲಿನಿಂದ ಹಿಂದಕ್ಕೆ ಕಳಿಸುವುದಾದರೂ ಹೇಗೆ. ಒಳಗೆ ಇಡಿಸಿಕೊಂಡೆ. ಅವನು ಹೋದ ಮೇಲೆ ಎಲ್ಲವನ್ನೂ ಓಬವ್ವನ ಮನೆಗೆ ಸಾಗಿಸಿದೆ. ಮರುಳಸಿದ್ದಮ್ಮ ಬಾಗಿಲಲ್ಲಿ ನಿಂತು ನೋಡಿದಳು. ಒಂದು ಕಾಯಿಯ ತೊಟ್ಟಿನಿಂದ ಬಿದ್ದ ಸಿಪ್ಪೆಯನ್ನು ಎತ್ತಿ ಮೂಸಿ ಕಿಟಕಿಯ ಮೇಲಿಟ್ಟಳು.

ಏಪ್ರಿಲ್ 11, ಶುಕ್ರವಾರ

ಇಂದೂ ತೂಕ ಹೆಚ್ಚು. ಮೂರನೆಯ ಸಲ.

“ಅಮ್ಮ, ನೀರು ಜಾಸ್ತಿ ಆಗೈತೆ. ಕಾಲು ನೋಡ್ರಿ, ಒತ್ತಿದ್ರೆ ಗುಳಿ ಬೀಳ್ತೈತೆ” ಎಂದಳು ಪಲ್ಲವಿ. ನನ್ನನ್ನು ನೋಡಿದಳು. ನಾನು ಮರುಳಸಿದ್ದಮ್ಮನನ್ನು ನೋಡಿದೆ. ಅವಳು ಫ್ಯಾನನ್ನು ನೋಡಿದಳು.

“ಕದ್ದು ಕುಡಿಯೋದ್ರಾಗಿರೋ ರುಚಿ ಕೇಳಿ ಕುಡಿಯೋದ್ರಾಗಿಲ್ಲ ಬಿಡು ತಾಯಿ” ಎಂದು ಕೆಂಚಣ್ಣ ಅತ್ತ ಕಡೆಯಿಂದ ಸೇರಿಸಿದ.

ತಂಬಿಗೆಯನ್ನು ಬೆಳಿಗ್ಗೆ ನಾನೇ ತುಂಬಿಸುತ್ತೇನೆ. ನಲ್ಲಿಯ ತಿರುಪನ್ನು ಬಿಗಿಯಾಗಿ ಕಟ್ಟಿದ್ದೇನೆ. ಅವಳು ಸ್ನಾನ ಮಾಡುವಾಗ ಬಾಗಿಲ ಹೊರಗೆ ನಿಂತು ಸದ್ದು ಕೇಳುತ್ತೇನೆ. ಇದನ್ನು ಬರೆದ ಮೇಲೆ ಓದಿ ನೋಡಿದೆ. ಜೈಲರು ಬರೆದಂತಿದೆ. ಆದರೂ ಎಲ್ಲಿಂದ?

ಏಪ್ರಿಲ್ 13, ಭಾನುವಾರ

ಗೊತ್ತಾಯಿತು.

ಯುಗಾದಿಯಾದಾಗಿನಿಂದ ಅವಳು ಮೂರು ಹೊತ್ತು ಲಿಂಗಪೂಜೆ ಮಾಡುತ್ತಿದ್ದಳು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ. ನಾನು ಮೆಚ್ಚಿಕೊಂಡಿದ್ದೆ. ಓಬವ್ವ ಬೀದಿಗೆಲ್ಲ ಹೇಳಿದ್ದಳು. ಕಾಯಿಲೆಯವರಿಗೆ ಅದೊಂದು ಬಲ ಎಂದು ಮಠದ ಸ್ವಾಮಿಗಳಿಗೂ ಸುದ್ದಿ ಮುಟ್ಟಿತ್ತು. ಇಂದು ಸಂಜೆ ನಾನು ಕನ್ನಡಕ ಹುಡುಕುತ್ತ ಒಳಗೆ ಹೋದಾಗ ಅವಳು ಎಡಗೈಯ ಲಿಂಗದ ಮೇಲೆ ನೀರು ಬಿಡುತ್ತಿದ್ದಳು. ಕೆಳಗೆ ಬಟ್ಟಲು. ನೀರು ಬಿಡುತ್ತಲೇ ಇದ್ದಳು. ಬಟ್ಟಲು ತುಂಬಿತು. ಕಣ್ಣಿಗೊತ್ತಿಕೊಂಡು, ಒಂದೇ ಸಲಕ್ಕೆ ಎತ್ತಿ ಕುಡಿದಳು.

ಅವಳು ಶಿವಪೂಜೆ ಮುಗಿಸುವವರೆಗೆ ನಡುಮನೆಯಲ್ಲಿ ಕಾದು ಕೂತೆ.

“ತೀರ್ಥ ಎಷ್ಟು ತಗಂತಿದೀಯ?”

“ತೀರ್ಥಕ್ಕೂ ಅಳತಿ ಐತಾ?”

“ಹೊಟ್ಟೆಗೆ ಹೋದ್ಮೇಲೆ ಅದೂ ನೀರೇ.”

“ಹಂಗನ್ಬ್ಯಾಡ್ರಿ. ಲಿಂಗದ ಮೇಲೆ ಬಿದ್ದಿದ್ದು ನೀರಲ್ಲ.”

“ಆ ಮಿಷನ್ನಿಗೆ ಅದು ಗೊತ್ತಾಗಲ್ಲ ಮರುಳಸಿದ್ದಿ.”

“ಮಿಷನ್ನಿಗೆ ದೀಕ್ಷೆ ಆಗಿಲ್ಲ, ಅದಕ್ಕೇ” ಎಂದಳು. ಇಬ್ಬರಿಗೂ ನಗು ಬಂತು. ನಗು ನಿಂತ ಮೇಲೆ ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಹೇಳಿದಳು. “ಮೊದ್ಲನೇ ದಿನ ಭಕ್ತಿಗೇ ಮಾಡಿದ್ದು ಕಣ್ರಿ. ನಮ್ಮಪ್ಪನಾಣೆ. ಮಾರನೇ ದಿನ ಮಧ್ಯಾಹ್ನದ ಪೂಜೆ ಹೊತ್ತು ಯಾವಾಗ ಆಗ್ತೈತೋ ಅಂತ ಕಾಯ್ತಿದ್ದೆ. ಆಗ ಗೊತ್ತಾತು ನಂಗೆ.”

ನಾನು ಹೇಳಿದ್ದು ಇಷ್ಟು. ಪೂಜೆ ಒಂದು ಹೊತ್ತು ಸಾಕು, ತೀರ್ಥ ಒಂದು ಚಮಚ, ಅದೂ ತಂಬಿಗೆಯ ಲೆಕ್ಕದಲ್ಲಿ. ಅವಳು ಹೂಂ ಎಂದಳು. ಯಾರಾದರೂ ಕೇಳಿದರೆ ಲಿಂಗಪೂಜೆಗೆ ತಡೆಯಾಜ್ಞೆ ಕೊಟ್ಟವನು ನಾನು.

ನನ್ನ ತೀರ್ಥವೂ ಇನ್ನು ಒಂದು ಚಮಚ. ನ್ಯಾಯವೆಂದಲ್ಲ. ಎದುರಿಗೆ ಕೂತು ಹೆಚ್ಚು ಕುಡಿಯಲು ಆಗುವುದಿಲ್ಲ, ಅಷ್ಟೆ.

ಏಪ್ರಿಲ್ 19, ಶನಿವಾರ

ತಲೆನೋವು. ಬಿಸಿಲು ವಿಪರೀತ. ಮಡಕೆಯ ನೀರು ಬದಲಿಸಲು ಮರೆತು ಅದರಲ್ಲಿ ಹುಳು ಬಿದ್ದಿತ್ತು. ಚೆಲ್ಲಿ, ಬೋರಲು ಹಾಕಿ ಇಟ್ಟೆ. ನಾಳೆ ತುಂಬಿಸಿದರಾಯಿತು.

ಅವಳು ಈಗ ನೀರು ಕೇಳುವುದಿಲ್ಲ. ಅದು ಇನ್ನೂ ಕಷ್ಟ. ಮಧ್ಯಾಹ್ನ ನೆಲದ ಮೇಲೆ ಕೆನ್ನೆ ಒತ್ತಿಕೊಂಡು ಮಲಗಿರುತ್ತಾಳೆ. ನಾನೂ ಅತ್ತ ಕಡೆ ಮಲಗಿರುತ್ತೇನೆ. ನಡುವೆ ತಂಬಿಗೆ.

ಏಪ್ರಿಲ್ 26, ಶನಿವಾರ

ಮೆಡಿಕಲ್ ಶಾಪಿನಲ್ಲಿ ಅವಳ ಒಂದು ಮಾತ್ರೆ ಇರಲಿಲ್ಲ. ಹುಡುಕಿಕೊಂಡು ಇನ್ನೊಂದು ಅಂಗಡಿಗೆ ಹೋಗಿ ಬರುವಷ್ಟರಲ್ಲಿ ತಡವಾಯಿತು. ಅಂಗಳದಲ್ಲಿ ಏಕಾಂತಪ್ಪನ ಬೈಕು. ಅದರ ಪಕ್ಕ ಕೆತ್ತಿದ ಎಳನೀರಿನ ಬುರುಡೆಗಳು. ಎಷ್ಟೆಂದು ನೋಡಲಿಲ್ಲ.

ಅವಳು ಜಗಲಿಯ ಮೇಲೆ ಕಾಲು ಇಳಿಬಿಟ್ಟು ಕೂತು, ಬುರುಡೆಯ ಚೂರಿನಿಂದ ಎಳೆಗಾಯಿಯ ಗಂಜಿಯನ್ನು ಕೆರೆದು ಕೆರೆದು ತಿನ್ನುತ್ತಿದ್ದಳು. ಗದ್ದದ ಮೇಲೆ ನೀರು ಇಳಿದಿತ್ತು. ಹುಡುಗಿಯಂತೆ ಕಾಲು ಆಡಿಸುತ್ತಿದ್ದಳು.

“ನೋಡ್ರಿ ಭಾವ, ಮುಖದಾಗೆ ಹೆಂಗೆ ಕಳೆ ಬಂತು ಅಂತ” ಎಂದ ಏಕಾಂತಪ್ಪ, ಮಚ್ಚಿನ ಅಲಗನ್ನು ಪಂಚೆಗೆ ಒರೆಸಿಕೊಳ್ಳುತ್ತ.

ನಿಜಕ್ಕೂ ಬಂದಿತ್ತು. ಜನವರಿಯಿಂದ ನಾನು ಕಾಣದ ಮುಖ.

“ಬೈಬ್ಯಾಡ್ರಿ ಅವನಿಗೆ. ನಾನೇ ಕೇಳಿದ್ದು. ತವರಿಂದ ಬಂದಿದ್ದು ಕೆಟ್ಟದ್ದು ಮಾಡ್ತೈತಾ?” ಎಂದಳು ಅವಳು.

ಕೂಡಲೇ ಪಲ್ಲವಿಗೆ ಫೋನು ಮಾಡಬೇಕಿತ್ತು. ಮಾಡಿದೆ, ಆದರೆ ಏಕಾಂತಪ್ಪ ಉಂಡು ಹೊರಟ ಮೇಲೆ. ಅಕ್ಕ ತಮ್ಮ ಹಳೆಯದೊಂದು ಎಮ್ಮೆಯ ವಿಷಯ ಮಾತಾಡುತ್ತ ನಗುತ್ತಿದ್ದರು. ಆ ನಗುವಿನ ನಡುವೆ ಎದ್ದು ಹೋಗಿ ಫೋನು ಮಾಡುವುದು ನನ್ನಿಂದ ಆಗಲಿಲ್ಲ. “ಸರ್, ಈಗ್ಲೇ ಕರ್ಕಂಡು ಬರ್ರಿ, ಕುಂತ್ಕಬ್ಯಾಡ್ರಿ” ಎಂದಳು ಪಲ್ಲವಿ.

ಏಪ್ರಿಲ್ 28, ಸೋಮವಾರ

ಉಳಿದಿದ್ದಾಳೆ.

ದುರ್ಗದ ದಾರಿಯಲ್ಲೇ ಅವಳ ಕಾಲುಗಳು ಬಟ್ಟೆಯಂತಾದವು. ಬಾಡಿಗೆ ಕಾರಿನಿಂದ ಇಳಿಯಲು ಹೇಳಿದರೆ, ಕಾಲು ಎಲ್ಲಿವೆ ಎಂದು ಕೇಳಿದಳು. ಎದೆಬಡಿತ ನಿಧಾನವಾಗಿತ್ತು. ಇಂಜೆಕ್ಷನ್ ಕೊಟ್ಟು ಅವತ್ತೇ ಮಿಷನ್ನಿಗೆ ಹಾಕಿದರು. ಇನ್ನೊಂದು ತಾಸು ತಡವಾಗಿದ್ದರೆ ಎಂದು ಡಾಕ್ಟರು ವಾಕ್ಯವನ್ನು ಅಲ್ಲಿಗೇ ಬಿಟ್ಟರು. ಆ ತಾಸು ಎಲ್ಲಿ ಹೋಗಿತ್ತೆಂದು ನನಗೆ ಗೊತ್ತು.

ಏಕಾಂತಪ್ಪ ಬಂದ. ಒಳಗೆ ಬರಲಿಲ್ಲ. ವಾರ್ಡಿನ ಬಾಗಿಲಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದ.

“ಕೊಲ್ಲಾಕೆ ಬಂದಿದ್ನೇನು ಭಾವ ನಾನು?”

“ನೀನು ಗೊತ್ತಿಲ್ದೆ ಮಾಡಿದ್ದು ಕಣೋ.”

“ನೀವು ಹೇಳಿದ್ರಲ್ಲ. ಬೀದ್ಯಾಗೆ ನಿಲ್ಸಿ ಹೇಳಿದ್ರಲ್ಲ. ಕೇಳಲಿಲ್ಲ ನಾನು.” ಬಗ್ಗಿ ನೆಲ ಮುಟ್ಟಿದ. “ಇಕಾ, ಭೂಮ್ತಾಯಿ ಆಣೆ. ಇನ್ನ ನಿಮ್ ಮನ್ಯಾಗೆ ಒಂದು ಗುಟುಕು ನೀರು ಮುಟ್ಟಲ್ಲ ನಾನು.”

ಒಂದು ಮನೆಯ ನೀರು ಮುಟ್ಟುವುದಿಲ್ಲ ಎಂದರೆ ನಮ್ಮಲ್ಲಿ ಅದರ ಅರ್ಥ ಒಂದೇ, ಆ ಮನೆಯ ಸಂಬಂಧ ತೀರಿತು. ಅವನು ಆ ಅರ್ಥದಲ್ಲಿ ಹೇಳಲಿಲ್ಲ. ಆದರೆ ಆಣೆ ಅರ್ಥ ನೋಡಿಕೊಂಡು ಕಟ್ಟಿಹಾಕುವುದಿಲ್ಲ. ಅವಳಿಗೆ ಹೇಳಿಲ್ಲ.

ಏಪ್ರಿಲ್ 30, ಬುಧವಾರ

ಬಸವ ಜಯಂತಿ. ನಿನ್ನೆ ಅವಳನ್ನು ಮನೆಗೆ ಕರೆತಂದೆ. ಬೀದಿಯ ಹುಡುಗರು ಪಾನಕ ಹಂಚುತ್ತಿದ್ದರು. ಬೇಡವೆಂದರೂ ಲೋಟ ಕೈಗಿಟ್ಟರು. ಬೆಲ್ಲ, ಏಲಕ್ಕಿ, ಮೇಲೆ ತೇಲುವ ಐಸು. ಅವರು ಅತ್ತ ತಿರುಗಿದ ಮೇಲೆ ಬೇವಿನ ಬುಡಕ್ಕೆ ಸುರಿದೆ.

ಮೇ 4, ಭಾನುವಾರ

ಏಕಾಂತ ಯಾಕೆ ಬರಲಿಲ್ಲ ಎಂದು ಕೇಳಿದಳು. ತೋಟದಲ್ಲಿ ಕೆಲಸವಂತೆ ಎಂದೆ. ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. “ತುಟಿ ಯಾಕೆ ಹಂಗೆ ಒಡ್ಕಂಡಾವೆ?” ಎಂದಳು. ಬಿಸಿಲು ಎಂದೆ.

ಉರಿಮೂತ್ರ. ಅದೂ ಬಿಸಿಲೇ.

ಮೇ 9, ಶುಕ್ರವಾರ

ಬರೆಯಲು ನಾಚಿಕೆಯಾಗುತ್ತದೆ.

ಡಯಾಲಿಸಿಸ್ ಕೋಣೆಯಲ್ಲಿ ಅವಳ ಚೀಲವನ್ನು ಮಂಚದ ಕೆಳಗಿಟ್ಟು ಎದ್ದದ್ದು ನೆನಪಿದೆ. ಆಮೇಲೆ ನೆಲ ತಣ್ಣಗಿದೆ ಎನಿಸಿದ್ದು. ಕಣ್ಣು ಬಿಟ್ಟಾಗ ಪಲ್ಲವಿಯ ಮುಖ, ಅದರಾಚೆ ಕೆಂಚಣ್ಣನ ದನಿ.

“ಶಿರಸ್ತೇದಾರ್ರೇ, ನಮ್ ಬೆಡ್ಡಿನ ಮೇಲೆ ಕಣ್ಣಾಕಿದ್ರಾ? ಸೀನಿಯಾರಿಟಿ ಪ್ರಕಾರ ಬರ್ರಿ ಸ್ವಾಮಿ.”

ಯಾರೂ ನಗಲಿಲ್ಲ.

ಪಲ್ಲವಿ ನನ್ನ ಕೈಯ ಚರ್ಮವನ್ನು ಚಿವುಟಿ ಬಿಟ್ಟಳು. ಅದು ಎದ್ದ ಹಾಗೆಯೇ ನಿಂತಿತ್ತು. “ಸರ್, ನೀರು ಕುಡುದು ಎಷ್ಟೊತ್ತಾತು?”

ಯೋಚಿಸಿದೆ. ಬೆಳಿಗ್ಗೆ ಮಾತ್ರೆಯ ಜೊತೆ? ಅದು ಅವಳ ಮಾತ್ರೆ. ನಿನ್ನೆ? ಅನ್ನಕ್ಕೆ ಮಜ್ಜಿಗೆ ಹಾಕಿಕೊಂಡಿದ್ದೆನೇ? ಯಾವಾಗ ಕುಡಿದೆನೆಂದು ನಿಜವಾಗಿಯೂ ನೆನಪಾಗಲಿಲ್ಲ. ಬೇಕೆಂದು ಬಿಟ್ಟವನಲ್ಲ ನಾನು. ವ್ರತ ಹಿಡಿಯುವ ಮನುಷ್ಯನೂ ಅಲ್ಲ.

“ನಿಮ್ ಕಿಡ್ನಿ ಚೆನ್ನಾಗವೆ ಸರ್” ಎಂದಳು ಪಲ್ಲವಿ. ಅವಳಿಗೆ ಸಿಟ್ಟು ಬಂದಿತ್ತು. “ಚೆನ್ನಾಗಿರೋವನ್ನ ಯಾಕೆ ಹಾಳು ಮಾಡ್ಕಂತೀರಿ? ಇವರನ್ನ ಆಮೇಲೆ ಯಾರು ಕರ್ಕಂಡು ಬರ್ತಾರೆ?”

ಮಂಚದ ಮೇಲೆ ಮರುಳಸಿದ್ದಮ್ಮ ಎದ್ದು ಕೂರಲು ನೋಡುತ್ತಿದ್ದಳು. ಕೈಗೆ ಕೊಳವೆಗಳಿದ್ದವು. ಮಿಷನ್ ಕೂಗಿಕೊಂಡಿತು. “ಏಳ್ಬ್ಯಾಡ್ರಿ ಅಮ್ಮ” ಎಂದು ನರ್ಸು ಓಡಿಬಂದಳು. ಮರುಳಸಿದ್ದಮ್ಮ ನನ್ನ ಕಡೆ ಕತ್ತು ತಿರುಗಿಸಿ ಮಲಗಿಯೇ ಇದ್ದಳು. ನಾನು ನೆಲದ ಮೇಲೆ, ಅವಳು ಮಂಚದ ಮೇಲೆ. ಇಬ್ಬರ ಕೈಗೂ ಸೂಜಿ ಇತ್ತು. ನನ್ನ ಕೈಗೆ ಗ್ಲೂಕೋಸು ಇಳಿಯುತ್ತಿತ್ತು, ಅವಳ ಮೈಯಿಂದ ನೀರು ತೆಗೆಯುತ್ತಿದ್ದರು.

ಹೊಳಲ್ಕೆರೆಯಲ್ಲಿ ಬಸ್ಸು ಇಳಿಯುವಾಗ ಕೇಳಿದಳು. “ಏಕಾಂತ ಯಾಕೆ ಬರಲ್ಲ ಅಂತ ಇವಾಗಾದ್ರೂ ಹೇಳ್ರಿ.”

ಹೇಳಿದೆ.

ಮೇ 10, ಶನಿವಾರ

ಬೆಳಿಗ್ಗೆ ತಂಬಿಗೆ ತುಂಬಿಸಿ ಅವಳ ಮುಂದಿಟ್ಟೆ. ಮುಟ್ಟಲಿಲ್ಲ. ಮಾತ್ರೆಗಳನ್ನೂ ನುಂಗಲಿಲ್ಲ. ಮಧ್ಯಾಹ್ನವಾದರೂ ತಂಬಿಗೆಯ ನೀರು ಕಂಠದವರೆಗೆ ಹಾಗೆಯೇ ಇತ್ತು.

“ಏನಿದು?”

“ಏನಿಲ್ಲ. ನೀವು ಬಿಟ್ರಲ್ಲ, ನಾನೂ ಬಿಟ್ಟೆ.”

“ನಾನು ಕುಡೀತೀನಿ ಬಿಡು. ಈಗ್ಲೇ ಕುಡುದು ಬರ್ತೀನಿ.” ಹಿತ್ತಲ ಕಡೆಗೆ ಹೊರಟೆ.

“ಹಿತ್ಲಾಗಲ್ಲ” ಎಂದಳು.

ನಿಂತೆ. ಅವಳಿಗೆ ಮೊದಲ ದಿನದಿಂದಲೂ ಗೊತ್ತಿತ್ತೆಂದು ಆಗ ತಿಳಿಯಿತು. “ಇಲ್ಲಿ, ನನ್ ಮುಂದೆ ಕುಡೀರಿ” ಎಂದಳು. ಲೋಟ ತಂದೆ, ತುಂಬಿಸಿದೆ, ಬಾಯಿಯವರೆಗೆ ಒಯ್ದೆ. ಗಂಟಲು ಮುಚ್ಚಿಕೊಂಡಿತು. ಹೆಚ್ಚು ಬರೆಯಲಾರೆ. ನೀರು ಕೆಮ್ಮಿನೊಡನೆ ಎದೆಯ ಮೇಲೆಲ್ಲ ಚೆಲ್ಲಿತು. ಅವಳು ಎದ್ದು ಸೆರಗಿನಿಂದ ಒರೆಸಿದಳು. ಬೈಯಲಿಲ್ಲ. ಆಮೇಲೆ ನನ್ನ ಫೋನು ಇಸಿದುಕೊಂಡು ತಮ್ಮನಿಗೆ ತಾನೇ ಮಾತಾಡಿದಳು.

“ಲೇ ಏಕಾಂತ, ನಾಳೆ ಬಾ. ಬರಿಗೈಯಾಗೆ ಬಾ. … ಆಣೆ ಪಾಣೆ ಎಲ್ಲ ಗೊತ್ತೈತೆ. ನೀನು ಬರೋ ತಂಕ ನಾನು ಬಾಯಿಗೆ ಹನಿ ಹಾಕಂಗಿಲ್ಲ. ನನ್ನದೂ ಆಣೇನೇ.”

ಮೇ 11, ಭಾನುವಾರ

ಬಿಸಿಲು ಏರುವ ಮೊದಲೇ ಏಕಾಂತಪ್ಪ ಬಂದ. ಬರಿಗೈ. ಜಗಲಿಯ ಅಂಚಿಗೆ, ಸಾಲ ಕೇಳಲು ಬಂದವನಂತೆ ಕೂತ. ನಾನೂ ಅವನ ಪಕ್ಕ ಕೂತೆ. ಒಳಗೆ ಕಡಗೋಲಿನ ಸದ್ದು. ತಿಂಗಳುಗಳ ಮೇಲೆ ಅವಳು ಮೊಸರು ಕಡೆಯುತ್ತಿದ್ದಳು. ಆಮೇಲೆ ಒಗ್ಗರಣೆಯ ಚಟಪಟ, ಇಂಗಿನ ವಾಸನೆ. ಏಕಾಂತಪ್ಪ ನನ್ನ ಮುಖ ನೋಡಿದ. ನಾನು ಅಂಗಳ ನೋಡಿದೆ.

ಅವಳು ಎರಡು ದೊಡ್ಡ ಚೊಂಬು ಮಜ್ಜಿಗೆ ತಂದು ನಮ್ಮ ನಡುವೆ ಇಟ್ಟಳು. ತಾನು ಎದುರಿಗೆ ಹೊಸಲಿನ ಮೇಲೆ ಕುಳಿತಳು. ಪಕ್ಕದಲ್ಲಿ ನಿನ್ನೆಯಿಂದ ಮುಟ್ಟದ ತನ್ನ ತಂಬಿಗೆ.

“ಕುಡೀರಿ ಇಬ್ರೂ.”

“ಅಕ್ಕ, ಆಣೆ ಮಾಡೀನಿ ಕಣೇ” ಎಂದ ಏಕಾಂತಪ್ಪ.

“ಭೂಮ್ತಾಯಿ ಮೇಲೆ ತಾನೆ ಮಾಡಿದ್ದು? ಅವಳಿಗೊಂದು ಹನಿ ಬಿಟ್ಟು ಕುಡಿ. ನಿನ್ಗಿಂತ ಜಾಸ್ತಿ ಬಾಯಾರೈತೆ ಅವಳಿಗೆ.”

ಅವನು ಚೊಂಬನ್ನು ಓರೆ ಮಾಡಿ ಅಂಗಳಕ್ಕೆ ಒಂದಿಷ್ಟು ಬಿಟ್ಟ. ಮಣ್ಣು ಸುಯ್ ಎಂದು ಎಳೆದುಕೊಂಡಿತು. ಕಣ್ಣು ಮುಚ್ಚಿ ಒಂದು ಗುಟುಕು ಕುಡಿದ. ಮುಖ ಸಿಂಡರಿಸಿದ.

“ಅಕ್ಕ… ಉಪ್ಪೇ ಹಾಕಿಲ್ಲ ಕಣೇ.”

ಅವಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. “ಅಯ್ಯೋ ಶಿವನೆ! ರುಚಿ ನೋಡಂಗಿಲ್ವಲ್ಲ, ಮರ್ತೇಬಿಟ್ಟೆ.” ನಗತೊಡಗಿದಳು. ಅವನೂ ನಕ್ಕ. ನಗುತ್ತಲೇ ಅವನ ಕಣ್ಣಿನಿಂದ ನೀರು ಬಂತು. “ಇವರು ಒಂದ್ಸಲಾನಾದ್ರೂ ಹೇಳಿದಾರಾ ನೋಡು, ಸಪ್ಪೆ ಐತೆ ಅಂತ” ಎಂದು ನನ್ನ ಕಡೆ ಕೈ ತೋರಿಸಿದಳು. ಒಳಗೆ ಹೋಗಿ ಉಪ್ಪು ತಂದು ಎರಡೂ ಚೊಂಬಿಗೆ ಹಾಕಿ ಕಲಕಿದಳು. ಬೆರಳಿಗೆ ಅಂಟಿದ್ದ ಹನಿಯನ್ನು ಒಂದು ಕ್ಷಣ ನೋಡಿ ಸೆರಗಿಗೆ ಒರೆಸಿಕೊಂಡಳು.

“ಈಗ ಕುಡೀರಿ.”

ಎತ್ತಿದೆ. ಮೊದಲ ಗುಟುಕು ನಿನ್ನೆಯಂತೆಯೇ ಗಂಟಲಲ್ಲಿ ನಿಂತಿತು. ಆಮೇಲೆ ತಾನಾಗಿ ಇಳಿಯಿತು. ಉಪ್ಪು, ಶುಂಠಿ, ಹಸಿಮೆಣಸಿನ ಖಾರ. ಇವನ್ನೆಲ್ಲ ಮರೆತಿದ್ದೆನೆಂದು ನಾಲಗೆಗೆ ತಿಳಿಯಿತು. ನಿಲ್ಲಿಸಲಾಗಲಿಲ್ಲ. ಎರಡನೆಯದು, ಮೂರನೆಯದು. ಸದ್ದು ಬರುತ್ತಿತ್ತು, ದನ ಕುಡಿಯುವ ಸದ್ದು. ಚೊಂಬಿನ ಅಂಚಿನ ಮೇಲಿಂದ ಅವಳನ್ನು ನೋಡಿದೆ. ಅವಳು ಹೊಸಲ ಮೇಲೆ ಸ್ವಲ್ಪ ಮುಂದಕ್ಕೆ ಬಗ್ಗಿದ್ದಳು. ಬಾಯಿ ಅರೆ ತೆರೆದಿತ್ತು. ನಾನು ನುಂಗಿದಾಗಲೆಲ್ಲ ಅವಳ ಗಂಟಲು ಏರಿ ಇಳಿಯುತ್ತಿತ್ತು.

ಚೊಂಬು ಕೆಳಗಿಳಿಸಿದೆ.

“ನಿಲ್ಲಿಸ್ಬ್ಯಾಡ್ರಿ” ಎಂದಳು.